ಟ್ಯುನೀಷಿಯಾಕ್ಕೆ ಏಳು ದಿನ: ನೋಡಲು ಹೊರಟಿರುವುದು ಯಾರ ಚರಿತ್ರೆ?

ಒಂದು ವಾರದ ಪ್ರವಾಸಕ್ಕೆ ಮೆಡಿಟರೇನಿಯನ್ ಸಮುದ್ರದ ದಂಡೆಯ ದೇಶವೊಂದನ್ನು ಆರಿಸಬೇಕೆಂದಾಗ ನಮ್ಮ ಮನೆಯಲ್ಲಿ ಮೂರು ಹೆಸರುಗಳು ಬಂದವು. ಸ್ಪೇನ್, ತುರ್ಕಿ, ಟ್ಯುನೀಷಿಯಾ. ಕಳೆದುಹೋದ ಸ್ಪೇನನ್ನು ನೆನೆದು ಉರ್ದುವಿನಲ್ಲಿ ಕಣ್ಣೀರು ಹಾಕಿದವರು ಸಾಕಷ್ಟು ಮಂದಿ ಇದ್ದಾರೆ. ತುರ್ಕಿಗೆ ನಮ್ಮ ಬಳಗದವರು ಹೋಗಿ ಬಂದು ಫೋಟೋಗಳನ್ನೂ ತೋರಿಸಿಯಾಗಿತ್ತು. ಟ್ಯುನೀಷಿಯಾಕ್ಕೆ ಹೋದವರು ಮಾತ್ರ ಯಾರೂ ಇರಲಿಲ್ಲ. ಆದರೆ ಅಲ್ಲಿನ ಒಂದು ಊರಿನ ಹೆಸರು ನಮಗೆ ಬಾಲ್ಯದಿಂದಲೂ ಗೊತ್ತಿತ್ತು. ಅದು ಕೈರವಾನ್. ಉರ್ದು ಶಾಲೆಯಲ್ಲಿ ಉಸ್ತಾದರು ಸೇನಾನಿ ಉಕ್ಬಾ ಬಿನ್ ನಾಫಿಯ ಕಥೆ ಹೇಳುತ್ತಿದ್ದರು. ಕಾಡಿನ ನಡುವೆ ನಿಂತು ಆತ ಅಪ್ಪಣೆ ಕೊಟ್ಟೊಡನೆ ಹಾವು, ಚೇಳು, ಸಿಂಹಗಳೆಲ್ಲ ಮರಿಗಳನ್ನು ಕಚ್ಚಿಕೊಂಡು ಜಾಗ ಖಾಲಿ ಮಾಡಿದವಂತೆ. ಆ ಜಾಗದಲ್ಲೇ ಊರು ಎದ್ದಿತಂತೆ. ಆ ಕಥೆಯನ್ನು ನಾವು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು. ಕಳೆದ ವರ್ಷ ತೀರಿಕೊಂಡ ಅಬ್ಬಾನಿಗೂ ಹಜ್ಜಿನ ನಂತರ ನೋಡಬೇಕೆನಿಸಿದ್ದ ಒಂದೇ ಊರು ಕೈರವಾನ್. ಹಾಗಾಗಿ ಟ್ಯುನೀಷಿಯಾ ಎಂದೇ ತೀರ್ಮಾನವಾಯಿತು.

ಹೊರಡಲಿರುವವರು ನಾಲ್ವರು. ನಾವು ಗಂಡ ಹೆಂಡತಿ, ಪದವಿ ಓದುತ್ತಿರುವ ಮಗಳು, ಮತ್ತು ನಮ್ಮ ಬೀದಿಯಲ್ಲೇ ಇರುವ ನಿವೃತ್ತ ಚರಿತ್ರೆ ಮೇಷ್ಟ್ರು. ಮೇಷ್ಟ್ರು ಅಬ್ಬಾನ ಗೆಳೆಯರಾಗಿದ್ದವರು, ಈಗ ನಮ್ಮ ಗೆಳೆಯರು. ರಾತ್ರಿ ಊಟವಾದ ಮೇಲೆ ದಸ್ತರಖಾನ್ ಮಡಚಿಟ್ಟು ಅದೇ ಜಾಗದಲ್ಲಿ ನಕ್ಷೆ ಹರಡಿಕೊಂಡು ಕುಳಿತುಕೊಳ್ಳುವುದು ಒಂದು ತಿಂಗಳ ಅಭ್ಯಾಸವಾಯಿತು. ದೇಶ ದೊಡ್ಡದಲ್ಲ. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್ ಆದರೆ ಅದರದು ಸುಮಾರು 1,63,600. ಜನಸಂಖ್ಯೆ ಸುಮಾರು 1.2 ಕೋಟಿ. ಬೆಂಗಳೂರಿನಿಂದ ನೇರ ವಿಮಾನವಿಲ್ಲದ ಕಾರಣ ನಡುವೆ ಎಲ್ಲಾದರೂ ಇಳಿದು ಹತ್ತಬೇಕು. ಬೇಸಿಗೆಯಲ್ಲಿ ಒಳನಾಡಿನ ಬಿಸಿಲು 40 ಡಿಗ್ರಿ ದಾಟುವುದರಿಂದ ವಸಂತ ಅಥವಾ ಅಕ್ಟೋಬರ್ ಒಳ್ಳೆಯದು. ಅಲ್ಲಿನ ದಿನಾರ್ ನೋಟನ್ನು ದೇಶದ ಒಳಗೆ ತರುವಂತಿಲ್ಲ, ಹೊರಗೆ ಒಯ್ಯುವಂತಿಲ್ಲ. ಇಳಿದ ಮೇಲೆಯೇ ಬದಲಿಸಿಕೊಳ್ಳಬೇಕು. ಇಂಥ ವ್ಯಾವಹಾರಿಕ ವಿಷಯಗಳೆಲ್ಲ ಎರಡು ರಾತ್ರಿಗಳಲ್ಲಿ ಮುಗಿದವು. ಉಳಿದ ರಾತ್ರಿಗಳನ್ನೆಲ್ಲ ತಿಂದದ್ದು ಒಂದೇ ಪ್ರಶ್ನೆ. ಏಳು ದಿನಗಳಲ್ಲಿ ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು?

ಮೊದಲ ಪಟ್ಟಿ

ಮೊದಲ ಪಟ್ಟಿಯನ್ನು ನಾವೇ ಬರೆದೆವು. ರಾಜಧಾನಿ ಟ್ಯುನಿಸ್‌ನ ಝೈತೂನಾ ಮಸೀದಿ, ಕೈರವಾನಿನ ಮಹಾ ಮಸೀದಿ, ಸೂಸ್ ಪಟ್ಟಣದ ಕೋಟೆ, ಇಬ್ನ್ ಖಲ್ದೂನ್ ಹುಟ್ಟಿದ ಬೀದಿ. ಅದನ್ನು ಓದಿದ ಮೇಷ್ಟ್ರು ಕನ್ನಡಕ ತೆಗೆದಿಟ್ಟು, 'ಸಾಹೇಬ್ರೇ, ಇದು ಪ್ರವಾಸದ ಪಟ್ಟಿಯೋ ವಂಶವೃಕ್ಷವೋ?' ಎಂದರು. ಕಾರ್ಥೇಜ್ ಎಲ್ಲಿ, ಅಲ್ ಜೆಮ್‌ನ ರಂಗಮಂದಿರ ಎಲ್ಲಿ, ಡೌಗ್ಗಾ ಎಲ್ಲಿ ಎಂದು ಕೇಳಿದರು. ಅವೆಲ್ಲ ರೋಮನರದ್ದಲ್ಲವೇ, ಅವನ್ನು ನೋಡಲು ಬೇರೆಯವರು ಹೋಗುತ್ತಾರೆ ಎಂಬ ಮಾತು ನಮ್ಮ ಬಾಯಿಯಿಂದ ಬಂದೇಬಿಟ್ಟಿತು. ಮಗಳು ತಕ್ಷಣ, 'ಹಾಗಾದರೆ ನಮ್ಮೂರಿನ ಕೋಟೆಯನ್ನು ನೋಡಲು ನಾವು ಹೋಗುವುದೇ ಬೇಡವೇ ಅಬ್ಬಾ?' ಎಂದಳು. ಆ ರಾತ್ರಿ ಪಟ್ಟಿಯನ್ನು ಹರಿದು ಹಾಕಿ ಚರಿತ್ರೆಯನ್ನು ಮೊದಲಿನಿಂದ ಓದಲು ಕುಳಿತೆವು.

ಕಾರ್ಥೇಜನ್ನು ಕಟ್ಟಿದವರು ರೋಮನರಲ್ಲ. ಇಂದಿನ ಲೆಬನಾನಿನ ಕರಾವಳಿಯಿಂದ ಹಡಗುಗಳಲ್ಲಿ ಬಂದ ಫಿನೀಷಿಯನ್ ವರ್ತಕರು. ಎಲಿಸ್ಸಾ ಎಂಬ ರಾಣಿ ಕ್ರಿ.ಪೂ. 814ರಲ್ಲಿ ಊರನ್ನು ಸ್ಥಾಪಿಸಿದಳೆಂಬುದು ಪರಂಪರೆಯ ಮಾತು. ಅವರ ನುಡಿ ಅರಬೀ ಮತ್ತು ಹೀಬ್ರೂಗಳ ಬಂಧು. ಆನೆಗಳೊಡನೆ ಆಲ್ಪ್ಸ್ ಪರ್ವತ ದಾಟಿ ಇಟಲಿಯನ್ನು ನಡುಗಿಸಿದ ಹ್ಯಾನಿಬಲ್ ಈ ಊರಿನವನು. ಮೂರು ಯುದ್ಧಗಳ ಬಳಿಕ ಕ್ರಿ.ಪೂ. 146ರಲ್ಲಿ ರೋಮ್ ಈ ನಗರವನ್ನು ಸುಟ್ಟು, ಬದುಕುಳಿದವರನ್ನು ಗುಲಾಮರಾಗಿ ಮಾರಿತು. ಮತ್ತೆ ಏನೂ ಬೆಳೆಯದಿರಲೆಂದು ನೆಲಕ್ಕೆ ಉಪ್ಪು ಬಿತ್ತಿದರು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಪ್ರಾಚೀನ ಕಾಲದ ಯಾವ ಬರಹಗಾರನೂ ಉಪ್ಪಿನ ಸುದ್ದಿ ಎತ್ತಿಲ್ಲ. ಅದು ಬಹಳ ತಡವಾಗಿ ಸೇರಿಕೊಂಡ ಕಥೆ. ಅದೂ ಅಲ್ಲದೆ, ಸುಮಾರು ಒಂದು ಶತಮಾನದ ಬಳಿಕ ರೋಮನರೇ ಅಲ್ಲಿ ತಮ್ಮ ಕಾರ್ಥೇಜನ್ನು ಕಟ್ಟಿಕೊಂಡರು. ಆ ಪ್ರಾಂತಕ್ಕೆ ಅವರು ಇಟ್ಟಿದ್ದ ಹೆಸರು ಆಫ್ರಿಕಾ. ಅರಬರ ಬಾಯಲ್ಲಿ ಅದು ಇಫ್ರೀಕಿಯಾ ಆಯಿತು. ಒಂದು ಸಣ್ಣ ಪ್ರಾಂತದ ಹೆಸರು ಕೊನೆಗೆ ಇಡೀ ಖಂಡಕ್ಕೆ ಅಂಟಿಕೊಂಡಿತು.

ಕೇಳಿದ ಕಥೆಯನ್ನು ಒರೆಗೆ ಹಚ್ಚದೆ ನಂಬಬೇಡಿ ಎಂದು ಚರಿತ್ರಕಾರರಿಗೆ ಬುದ್ಧಿ ಹೇಳಿದವನೂ ಇದೇ ನೆಲದ ಮಗ. 1332ರಲ್ಲಿ ಟ್ಯುನಿಸ್‌ನಲ್ಲಿ ಹುಟ್ಟಿದ ಇಬ್ನ್ ಖಲ್ದೂನನ ಮನೆತನ ಸ್ಪೇನಿನ ಸೆವಿಲ್ಲಾದಿಂದ ಬಂದದ್ದು. ಪ್ಲೇಗು ಬಂದಾಗ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ. 1377ರಲ್ಲಿ ಬರೆದ 'ಮುಖದ್ದಿಮಾ'ದ ಆರಂಭದಲ್ಲೇ ಆತ ಹಳೆಯ ಚರಿತ್ರಕಾರರು ಸೈನ್ಯಗಳ ಸಂಖ್ಯೆಯನ್ನು ಬಾಯಿಗೆ ಬಂದಂತೆ ಹೇಳಿರುವುದನ್ನು ಲೆಕ್ಕ ಹಾಕಿ ತೋರಿಸುತ್ತಾನೆ. ಅಷ್ಟು ಜನರಿಗೆ ಆ ನೆಲ ಅನ್ನ ಕೊಡಬಲ್ಲುದೇ, ಅಷ್ಟು ಮಂದಿ ಒಂದೇ ರಣರಂಗದಲ್ಲಿ ನಿಲ್ಲಬಲ್ಲರೇ ಎಂದು ಕೇಳುತ್ತಾನೆ. ಇಂಥವನ ಊರಿಗೆ ಹೋಗುವಾಗ ಉಪ್ಪಿನ ಕಥೆಯನ್ನು ಪಕ್ಕಕ್ಕಿಟ್ಟು ಹಾವು ಚೇಳಿನ ಕಥೆಯನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡು ಹೋಗುವುದು ನ್ಯಾಯವೇ? ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾಯಿತು.

ಕೈರವಾನಿನ ಕಂಬಗಳು

ಕೈರವಾನ್ ಟ್ಯುನಿಸ್‌ನಿಂದ ಸುಮಾರು 160 ಕಿಲೋಮೀಟರ್ ದಕ್ಷಿಣಕ್ಕಿದೆ. ಉಕ್ಬಾ ಅದನ್ನು 670ರಲ್ಲಿ ಸೈನ್ಯದ ಬೀಡಾಗಿ ಸ್ಥಾಪಿಸಿದ. ಬೈಝಂಟೈನ್ ನೌಕಾಪಡೆಯ ಕೈಗೆ ಸಿಗದಷ್ಟು ಸಮುದ್ರದಿಂದ ದೂರ, ಬೆಟ್ಟಗಳಲ್ಲಿದ್ದ ಬರ್ಬರ್ ಬುಡಕಟ್ಟುಗಳ ಮೇಲೆ ಕಣ್ಣಿಡುವಷ್ಟು ಹತ್ತಿರ. ಆ ಬರ್ಬರರು ತಮ್ಮನ್ನು ಅಮಾಝಿಗ್ ಎಂದು ಕರೆದುಕೊಳ್ಳುತ್ತಾರೆ. ಅವರು ಸುಲಭವಾಗಿ ತಲೆಬಾಗಲಿಲ್ಲ. ಉಕ್ಬಾ 683ರಲ್ಲಿ ಸತ್ತದ್ದು ಕುಸೈಲಾ ಎಂಬ ಬರ್ಬರ್ ನಾಯಕನ ಪಡೆಯೊಡನೆ ನಡೆದ ಕಾಳಗದಲ್ಲಿ. ಆಮೇಲೆ ಅರಬರಿಗೆ ಎದುರು ನಿಂತವಳು ಕಾಹಿನಾ ಎಂಬ ಹೆಣ್ಣು. ನಮ್ಮ ಉಸ್ತಾದರು ಈ ಎರಡು ಹೆಸರುಗಳನ್ನು ಹೇಳಿದ್ದು ನೆನಪಿಲ್ಲ.

ಇಂದು ಕಾಣುವ ಮಸೀದಿಯ ಮುಖ್ಯ ರೂಪ 836ರದ್ದು, ಅಗ್ಲಬಿದ್ ಅರಸು ಝಿಯಾದತುಲ್ಲಾ ಕಟ್ಟಿಸಿದ್ದು. ಅದರ ನಾನೂರಕ್ಕೂ ಹೆಚ್ಚು ಕಂಬಗಳಲ್ಲಿ ಬಹುಪಾಲು ರೋಮನ್ ಮತ್ತು ಬೈಝಂಟೈನ್ ಕಟ್ಟಡಗಳಿಂದ ತಂದವು. ಕೆಲವು ಕಾರ್ಥೇಜಿನಿಂದಲೇ ಬಂದವು. ಕಂಬಗಳ ಎತ್ತರ ಒಂದೇ ಸಮವಿಲ್ಲ, ತಲೆಯ ಕೆತ್ತನೆಗಳೂ ಬೇರೆ ಬೇರೆ. ಮಿನಾರದ ಬುಡದಲ್ಲಿ ಲ್ಯಾಟಿನ್ ಬರಹವಿರುವ ಕಲ್ಲುಗಳಿವೆ. ಒಂದನ್ನಂತೂ ತಲೆಕೆಳಗಾಗಿ ಇಟ್ಟು ಕಟ್ಟಿದ್ದಾರೆ.

ಇದನ್ನು ಓದಿದ ರಾತ್ರಿ ನಮ್ಮ ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಯಾವ ಕಟ್ಟಡದ ಅಡಿಯಲ್ಲಿ ಯಾರ ಕಲ್ಲಿದೆ ಎಂದು ಕೇಳುವ ಕಾಲದಲ್ಲಿ, ಆ ಪ್ರಶ್ನೆಗೆ ಜನರು ಬೆಲೆ ತೆರುತ್ತಿರುವ ದೇಶದಲ್ಲಿ ನಾವು ಬದುಕುತ್ತಿದ್ದೇವೆ. ಅಬ್ಬಾ ಅಷ್ಟು ಪ್ರೀತಿಯಿಂದ ಹೆಸರಿಸುತ್ತಿದ್ದ ಮಸೀದಿಯ ಕಂಬಗಳು ಇನ್ನೊಬ್ಬರವು ಎಂಬುದನ್ನು ಈ ಪುಟದಲ್ಲಿ ಬರೆಯಬೇಕೇ ಎಂಬ ಅಳುಕು ಬಂದದ್ದು ನಿಜ. ಮೇಷ್ಟ್ರೇ ಮೌನ ಮುರಿದರು. 'ಮುಚ್ಚಿಟ್ಟರೆ ಅದು ಕಳವಿನ ಮಾಲಿನಂತೆ ಕಾಣುತ್ತದೆ. ಬಿಚ್ಚಿ ಹೇಳಿದರೆ ಚರಿತ್ರೆಯಂತೆ ಕಾಣುತ್ತದೆ' ಎಂದರು. ನಮಗೂ ಈಗ ಹಾಗೇ ಅನಿಸುತ್ತದೆ. ಪಾಳುಬಿದ್ದ ಕಟ್ಟಡದ ಕಲ್ಲನ್ನು ಹೊಸ ಕಟ್ಟಡಕ್ಕೆ ಒಯ್ಯುವುದು ಮೆಡಿಟರೇನಿಯನ್ನಿನ ಸುತ್ತಲೂ ಎಲ್ಲ ಧರ್ಮದವರೂ ಮಾಡಿದ ಕೆಲಸ. ಕಾರ್ಥೇಜಿನ ಅಮೃತಶಿಲೆ ಇಟಲಿಯ ಇಗರ್ಜಿಗಳಿಗೂ ಹೋಗಿದೆ. ಅವುಗಳಲ್ಲಿ ಕೆಲವು ಕೊಳ್ಳೆಯ ಮಾಲು, ಕೆಲವು ಯಾರಿಗೂ ಬೇಡವಾಗಿ ಬಿದ್ದಿದ್ದವು. ಯಾವುದು ಯಾವುದೆಂದು ಪ್ರಾಮಾಣಿಕವಾಗಿ ಹುಡುಕುವುದು ಚರಿತ್ರಕಾರನ ಕೆಲಸ. ಸಾವಿರ ವರ್ಷದ ಬಳಿಕ ಕಂಬವನ್ನು ಕಿತ್ತು ವಾಪಸು ಕೇಳುವುದು ಚರಿತ್ರೆ ಬಲ್ಲವರ ಕೆಲಸವಲ್ಲ.

ಅದೇ ಮಸೀದಿಯಲ್ಲಿ ನಮ್ಮ ದೇಶದ ವಸ್ತುವೂ ಒಂದಿದೆ. ಅಲ್ಲಿನ ಮಿಂಬರ್ 9ನೇ ಶತಮಾನದ್ದು, ಜಗತ್ತಿನಲ್ಲಿ ಉಳಿದಿರುವ ಮಿಂಬರುಗಳಲ್ಲೇ ಅತ್ಯಂತ ಹಳೆಯದು. ಮುನ್ನೂರಕ್ಕೂ ಹೆಚ್ಚು ಕೆತ್ತಿದ ತುಂಡುಗಳನ್ನು ಜೋಡಿಸಿದ ಆ ಮೆಟ್ಟಿಲುಪೀಠದ ಮರ ತೇಗ. ಭಾರತದ ತೇಗ ಬಗ್ದಾದಿನ ದಾರಿಯಾಗಿ ಅಲ್ಲಿಗೆ ತಲುಪಿತೆಂದು ವಿದ್ವಾಂಸರು ಹೇಳುತ್ತಾರೆ. ಅರಸ ಆ ಮರವನ್ನು ತರಿಸಿದ್ದು ಸಂಗೀತದ ಊದ್ ವಾದ್ಯಗಳನ್ನು ಮಾಡಿಸಲಿಕ್ಕೆ, ಆಮೇಲೆ ಮನಸ್ಸು ಬದಲಿಸಿ ಮಿಂಬರ್ ಮಾಡಿಸಿದ ಎಂಬ ಹಳೆಯ ಹೇಳಿಕೆಯೂ ಇದೆ. ಮಗಳಿಗೆ ಈ ಕಥೆ ತುಂಬ ಹಿಡಿಸಿತು. ಇಬ್ನ್ ಖಲ್ದೂನನ ತಕ್ಕಡಿಯಲ್ಲಿ ಇದು ಎಷ್ಟು ತೂಗುತ್ತದೋ ಗೊತ್ತಿಲ್ಲ. ರೋಮನ್ ಕಂಬ, ಬಗ್ದಾದಿನ ಹೊಳೆಯುವ ಬಿಲ್ಲೆಗಳು, ಭಾರತದ ಮರ ಇವೆಲ್ಲ ಸೇರಿ ಆದದ್ದು ಆ ಮಸೀದಿ ಎಂಬುದಂತೂ ಕಣ್ಣಿಗೆ ಕಾಣುವ ಸತ್ಯ.

ಇಲ್ಲಿ ಒಂದು ತೊಡಕೂ ಎದುರಾಯಿತು. ಮುಸ್ಲಿಮರಲ್ಲದ ಪ್ರವಾಸಿಗರಿಗೆ ಅಂಗಳದವರೆಗೆ ಪ್ರವೇಶವಿದೆ, ನಮಾಝಿನ ಸಭಾಂಗಣದೊಳಗೆ ಇಲ್ಲ. ಮಿಂಬರ್ ಇರುವುದು ಒಳಗೆ. ಮೇಷ್ಟ್ರಿಗೆ ಇದನ್ನು ಹೇಳಲು ನಮಗೆ ಸಂಕೋಚವಾಯಿತು. ಅವರು ನಕ್ಕು, 'ನೀವು ಒಳಗೆ ಹೋಗಿ ಕಂಬ ಎಣಿಸಿ ಬನ್ನಿ, ನಾನು ಹೊರಗೆ ತಲೆಕೆಳಗಾದ ಲ್ಯಾಟಿನ್ ಓದುತ್ತಿರುತ್ತೇನೆ' ಎಂದರು. ಆ ಕಂಬಗಳನ್ನು ಎಣಿಸಿದವರ ಕಣ್ಣು ಹೋಗುತ್ತದೆ ಎಂಬ ನಂಬಿಕೆ ಆ ಊರಿನಲ್ಲಿತ್ತು ಎಂಬುದನ್ನು ಅವರೂ ಓದಿದ್ದರು!

ಹಿಮ್ಮುಖ ಗಡಿಯಾರ

ಪಟ್ಟಿಗೆ ಆಮೇಲೆ ಸೇರಿದ್ದು ತಸ್ತೂರ್. ಡೌಗ್ಗಾದ ರೋಮನ್ ಪಟ್ಟಣವನ್ನು ನೋಡಲು ಹೋಗುವ ದಾರಿಯಲ್ಲೇ ಸಿಗುವ ಸಣ್ಣ ಊರು. 1609ರಲ್ಲಿ ಸ್ಪೇನಿನ ದೊರೆ ಮೂರನೇ ಫಿಲಿಪ್ ತನ್ನ ನಾಡಿನ ಮೊರಿಸ್ಕೋಗಳನ್ನು, ಅಂದರೆ ಒತ್ತಾಯದಿಂದ ಕ್ರೈಸ್ತರಾದ ಮುಸ್ಲಿಮರ ಸಂತತಿಯನ್ನು, ಹೊರಗಟ್ಟಲು ಆಜ್ಞೆ ಮಾಡಿದ. ಐದು ವರ್ಷಗಳಲ್ಲಿ ಲಕ್ಷಾಂತರ ಜನ ಹುಟ್ಟೂರು ಬಿಟ್ಟರು. ಟ್ಯುನೀಷಿಯಾಕ್ಕೆ ಬಂದವರು ಕಟ್ಟಿಕೊಂಡ ಊರುಗಳಲ್ಲಿ ತಸ್ತೂರ್ ಒಂದು. ಅವರ ಮನೆಗಳಿಗೆ ಸ್ಪೇನಿನ ಮಾದರಿಯ ಹೆಂಚು. ಟ್ಯುನಿಸ್‌ನ ಪೇಟೆಯಲ್ಲಿ ಇಂದಿಗೂ ಮಾರುವ ಶಶಿಯಾ ಎಂಬ ಕೆಂಪು ಟೋಪಿಯ ಕಸುಬು ಅಲ್ಲಿ ಬೆಳೆದದ್ದು ಈ ನಿರಾಶ್ರಿತರ ಕೈಯಲ್ಲಿ.

ತಸ್ತೂರಿನ ಮಸೀದಿಯ ಮಿನಾರದಲ್ಲಿ ಒಂದು ಗಡಿಯಾರವಿದೆ. ಅದರ ಮುಳ್ಳುಗಳು ಹಿಮ್ಮುಖವಾಗಿ, ಬಲದಿಂದ ಎಡಕ್ಕೆ ತಿರುಗುತ್ತವೆ. ಅಂಕಿಗಳನ್ನೂ ಹಾಗೆಯೇ ಜೋಡಿಸಿರುವುದರಿಂದ ವೇಳೆ ಮಾತ್ರ ಸರಿಯಾಗಿಯೇ ಇರುತ್ತದೆ. ಅರಬೀ ಬರೆಯುವ ದಿಕ್ಕಿನಲ್ಲಿ ತಿರುಗಲೆಂದು ಹಾಗೆ ಮಾಡಿದರೆಂದು ಕೆಲವರ ಮಾತು. ಕಳೆದುಕೊಂಡ ಅಂದಲೂಸಿಗೆ ಕಾಲ ಹಿಂದಿರುಗಲೆಂಬ ಹಂಬಲದಿಂದ ಎಂದು ಇನ್ನು ಕೆಲವರು. ನಮ್ಮ ಉರ್ದು ಓದಿನ ಬಹುಭಾಗ ಈ ಎರಡನೆಯ ಗುಂಪಿಗೆ ಸೇರಿದ್ದು. ಹೋದದ್ದನ್ನು ನೆನೆದು ಅಳುವುದನ್ನು ನಮಗೆ ಚೆನ್ನಾಗಿ ಕಲಿಸಿದರು. ಆದರೆ ಮನೆಮಠ ಕಳೆದುಕೊಂಡು ಬಂದ ತಸ್ತೂರಿನವರು ಅಳುತ್ತ ಕೂರಲಿಲ್ಲ. ತೋಟ ಹಾಕಿದರು, ಟೋಪಿ ನೇಯ್ದರು, ಅಕ್ಕಪಕ್ಕದವರಿಗೆ ಅದನ್ನು ಕಲಿಸಿದರು.

ಮಗಳ ಒತ್ತಾಯದ ಮೇಲೆ ಬಾರ್ದೋ ವಸ್ತುಸಂಗ್ರಹಾಲಯವೂ ಸೇರಿತು. ರೋಮನ್ ಕಾಲದ ಮೊಸಾಯಿಕ್ ಚಿತ್ರಗಳಿಗೆ ಅದು ಹೆಸರಾದದ್ದು. 2015ರ ಮಾರ್ಚ್ 18ರಂದು ಬಂದೂಕುಧಾರಿಗಳು ಅಲ್ಲಿ 20ಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಸತ್ತವರಲ್ಲಿ ಹೆಚ್ಚಿನವರು ವಿದೇಶಿ ಪ್ರವಾಸಿಗರು. ಅದೇ ವರ್ಷ ಜೂನ್ 26ರಂದು ಸೂಸ್ ಬಳಿಯ ಕಡಲ ತೀರದಲ್ಲಿ 38 ಪ್ರವಾಸಿಗರ ಕೊಲೆಯಾಯಿತು. ಕೊಂದವರು ಧರ್ಮದ ಹೆಸರನ್ನೇ ಹೇಳಿಕೊಂಡರು. ಬಾರ್ದೋ ತಿಂಗಳು ತುಂಬುವ ಮೊದಲೇ ಮತ್ತೆ ಬಾಗಿಲು ತೆರೆಯಿತು. 2010ರ ಡಿಸೆಂಬರ್‌ನಲ್ಲಿ ಸಿದಿ ಬೂಝಿದ್ ಊರಿನ ತಳ್ಳುಗಾಡಿಯ ವ್ಯಾಪಾರಿ ಮುಹಮ್ಮದ್ ಬೂಅಝೀಝಿ ಬೆಂಕಿ ಹಚ್ಚಿಕೊಂಡದ್ದು, 2011ರ ಜನವರಿ 14ರಂದು ಅಧ್ಯಕ್ಷ ಬಿನ್ ಅಲಿ ಓಡಿಹೋದದ್ದು, ನಾಲ್ಕು ನಾಗರಿಕ ಸಂಘಟನೆಗಳ ಕೂಟಕ್ಕೆ 2015ರ ನೊಬೆಲ್ ಶಾಂತಿ ಬಹುಮಾನ ಬಂದದ್ದು ಇವೆಲ್ಲ ನಮ್ಮ ಕಣ್ಣೆದುರೇ ನಡೆದ ಚರಿತ್ರೆ. ಪಾಳು ಕಲ್ಲುಗಳನ್ನು ನೋಡಲು ಹೋಗುವವರು ಇದನ್ನೂ ತಿಳಿದಿರಬೇಕು.

ಮಹ್ದಿಯಾದಿಂದ ಮಂಗಳೂರಿಗೆ

ಐದನೇ ದಿನಕ್ಕೆ ಅಲ್ ಜೆಮ್ ಎಂದು ಬರೆದಿದ್ದೆವು. ಬಯಲ ನಡುವೆ ನಿಂತಿರುವ ಆ ರೋಮನ್ ರಂಗಮಂದಿರ 3ನೇ ಶತಮಾನದ್ದು. ಸುಮಾರು 35 ಸಾವಿರ ಮಂದಿ ಕೂರಬಹುದಾಗಿತ್ತು. ಅಲ್ಲಿಂದ ಕಡಲ ಕಡೆಗೆ ನಲವತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಮಹ್ದಿಯಾ ಎಂಬ ಊರಿದೆ. ನಕ್ಷೆಯಲ್ಲಿ ಸಮುದ್ರದೊಳಕ್ಕೆ ಚಾಚಿದ ಬೆರಳಿನಂತೆ ಕಾಣುತ್ತದೆ. ಪ್ರವಾಸದ ಪುಸ್ತಕಗಳು ಅದಕ್ಕೆ ಅರ್ಧ ದಿನ ಸಾಕು ಎನ್ನುತ್ತವೆ. ಮೇಷ್ಟ್ರು ಅಲ್ಲಿ ಬೆರಳಿಟ್ಟು, 'ಇದನ್ನು ಬಿಟ್ಟರೆ ನಾನು ಬರುವುದಿಲ್ಲ' ಎಂದರು.

10ನೇ ಶತಮಾನದ ಆರಂಭದಲ್ಲಿ ಫಾತಿಮಿ ಖಲೀಫ ಉಬೈದುಲ್ಲಾ ಅಲ್ ಮಹ್ದಿ ಈ ಊರನ್ನು ಕಟ್ಟಿ ರಾಜಧಾನಿ ಮಾಡಿಕೊಂಡ. ಅವನ ವಂಶದವರು ಮುಂದೆ 969ರಲ್ಲಿ ಈಜಿಪ್ಟನ್ನು ಗೆದ್ದು ಕೈರೋ ನಗರವನ್ನು ಸ್ಥಾಪಿಸಿದರು. ಮಹ್ದಿಯಾ ವರ್ತಕರ ಊರಾಗಿ ಉಳಿಯಿತು. ಅಲ್ಲಿ ಹುಟ್ಟಿದ ಅಬ್ರಹಾಂ ಬಿನ್ ಯಿಜು ಎಂಬ ಯಹೂದಿ ವರ್ತಕ ಏಡನ್ನಿನ ದಾರಿಯಾಗಿ ಮಂಗಳೂರಿಗೆ ಬಂದ. 1132ರಿಂದ 1149ರವರೆಗಿನ ಅವಧಿಯಲ್ಲಿ ಅವನ ಬದುಕಿನ ಬಹುಭಾಗ ನಮ್ಮ ಕರಾವಳಿಯಲ್ಲೇ ಕಳೆಯಿತು. ಇಲ್ಲಿ ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟುಕೊಂಡಿದ್ದ. ಅಡಿಕೆ, ಮೆಣಸು, ಏಲಕ್ಕಿ, ಕಬ್ಬಿಣ ಇಲ್ಲಿಂದ ಹೋಗುತ್ತಿದ್ದವು. ಏಡನ್ನಿನಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು. ಅವನ ವ್ಯವಹಾರ ಮುಸ್ಲಿಂ ನಾಖುದಾಗಳೊಡನೆಯೂ ಗುಜರಾತಿನ ಬನಿಯಾಗಳೊಡನೆಯೂ ಇತ್ತು. ಅವನ ವ್ಯವಹಾರದ ಕೆಲಸಕ್ಕೆ ಏಡನ್ನಿಗೆ ಹೋಗಿ ಬರುತ್ತಿದ್ದ ಇಲ್ಲಿನ ಆಳೊಬ್ಬನ ಹೆಸರು ಪತ್ರಗಳಲ್ಲಿ ಸಿಗುತ್ತದೆ. ಅಮಿತಾವ್ ಘೋಷ್ ಅದನ್ನು ಬೊಮ್ಮ ಎಂದು ಓದಿ, ಅವನ ಜಾಡು ಹಿಡಿದು ಮಂಗಳೂರಿಗೆ ಬಂದು, 1992ರಲ್ಲಿ 'ಇನ್ ಆನ್ ಆಂಟೀಕ್ ಲ್ಯಾಂಡ್' ಎಂಬ ಪುಸ್ತಕ ಬರೆದರು.

ಈ ಪತ್ರಗಳು ಉಳಿದದ್ದು ಹೇಗೆ ಎಂಬುದೂ ನಮಗೆ ಹೊಸದಲ್ಲ. ದೇವರ ಹೆಸರಿರಬಹುದಾದ ಕಾಗದವನ್ನು ಎಸೆಯಬಾರದೆಂದು ಹಳೆಯ ಕೈರೋದ ಯಹೂದಿ ಮಂದಿರವೊಂದರ ಕೋಣೆಯಲ್ಲಿ ಶತಮಾನಗಳ ಕಾಲ ತುಂಬಿಡುತ್ತಿದ್ದರು. ನಮ್ಮ ಅಮ್ಮಿಯೂ ಆಯತ್ ಇರುವ ಕಾಗದದ ಚೂರು ಸಿಕ್ಕರೆ ಕಣ್ಣಿಗೊತ್ತಿಕೊಂಡು ಗೋಡೆಯ ಗೂಡಿನಲ್ಲಿ ಇಡುತ್ತಾರೆ. ಆ ಪತ್ರಗಳ ಭಾಷೆ ಅರಬೀ, ಲಿಪಿ ಹೀಬ್ರೂ. ಬ್ಯಾರಿ ನುಡಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವವರಿಗೆ ಇದರಲ್ಲಿ ಆಶ್ಚರ್ಯವೇನಿದೆ?

ಆದರೆ ನಮ್ಮ ಮನೆಯಾಕೆ ಬೇರೊಂದು ಹೆಸರನ್ನು ಹಿಡಿದು ನಿಂತರು. ಆಶು. 1132ರ ಅಕ್ಟೋಬರ್‌ನಲ್ಲಿ ಮಂಗಳೂರಿನಲ್ಲಿ ಬಿನ್ ಯಿಜು ಒಂದು ಬಿಡುಗಡೆ ಪತ್ರ ಮಾಡಿಸಿ ಆಶು ಎಂಬ ದಾಸಿಯನ್ನು ಸ್ವತಂತ್ರಳನ್ನಾಗಿಸಿದ. ಅವನ ಮಕ್ಕಳ ತಾಯಿ ಆಕೆಯೇ ಎಂದು ವಿದ್ವಾಂಸರು ಭಾವಿಸುತ್ತಾರೆ. ಅಷ್ಟೊಂದು ಪತ್ರಗಳಲ್ಲಿ ಆಶು ಬರೆದ ಅಥವಾ ಬರೆಸಿದ ಒಂದು ಸಾಲೂ ಇಲ್ಲ. 'ಗಂಡಸರು ಒಣದ್ರಾಕ್ಷಿಯ ಲೆಕ್ಕ ಬರೆದಿಟ್ಟರು, ಇವಳ ಮನೆ ಎಲ್ಲಿತ್ತು ಎಂದು ಬರೆಯಲಿಲ್ಲ' ಎಂದು ಅವರು ಹೇಳಿದಾಗ ನಾವು ಉತ್ತರ ಕೊಡಲಾಗಲಿಲ್ಲ. ಕಡಲ ವ್ಯಾಪಾರದ ಸೌಹಾರ್ದವನ್ನು ಕೊಂಡಾಡುವಾಗ ಅದೇ ಹಡಗುಗಳಲ್ಲಿ ಮನುಷ್ಯರೂ ಸರಕಾಗಿದ್ದರು ಎಂಬುದನ್ನು ಮರೆಯಬಾರದು. ಟ್ಯುನೀಷಿಯಾದಲ್ಲಿ ಗುಲಾಮಗಿರಿಯನ್ನು ಅಹ್ಮದ್ ಬೇ ರದ್ದು ಮಾಡಿದ್ದು 1846ರಲ್ಲಿ, ಅಮೆರಿಕಕ್ಕಿಂತ ಮೊದಲು. ಬಿನ್ ಯಿಜುವಿನ ಕಾಲಕ್ಕೆ ಅದು ಏಳು ಶತಮಾನ ದೂರ.

1148ರಲ್ಲಿ ಸಿಸಿಲಿಯ ಕ್ರೈಸ್ತ ದೊರೆ ಎರಡನೇ ರೋಜರನ ನೌಕಾಪಡೆ ಮಹ್ದಿಯಾವನ್ನು ಹಿಡಿಯಿತು. ಬಿನ್ ಯಿಜುವಿನ ಅಣ್ಣತಮ್ಮಂದಿರು ದಿಕ್ಕಾಪಾಲಾಗಿ ಸಿಸಿಲಿ ಸೇರಿದರು. 1149ರಲ್ಲಿ ಅವನು ಮಕ್ಕಳೊಡನೆ ಏಡನ್ನಿಗೆ ಮರಳಿ, ನಾನು ಕ್ಷೇಮವಾಗಿದ್ದೇನೆ, ಗಳಿಸಿದ್ದರಲ್ಲಿ ನಿಮಗೂ ಪಾಲಿದೆ, ಬನ್ನಿ ಎಂಬ ಅರ್ಥದಲ್ಲಿ ಅವರಿಗೆ ಕಾಗದ ಬರೆದ. ಕೊಲ್ಲಿ ದೇಶಗಳಿಂದ ಬರುತ್ತಿದ್ದ ಇಂಥ ಕಾಗದಗಳನ್ನು ನಮ್ಮ ಕರಾವಳಿಯ ಎಷ್ಟು ಮನೆಗಳು ಕಾದಿಲ್ಲ! ಕೊನೆಗೆ ಅವನ ಮಗಳ ಮದುವೆ ಅಣ್ಣತಮ್ಮಂದಿರ ಮನೆಯ ಹುಡುಗನೊಡನೆ ಈಜಿಪ್ಟಿನಲ್ಲಿ ನಡೆಯಿತು. ಮಂಗಳೂರಿನಲ್ಲಿ ಬಾಲ್ಯ ಕಳೆದ ಆ ಹುಡುಗಿ ಮಹ್ದಿಯಾವನ್ನು ನೋಡಿದ ಸುಳಿವು ಪತ್ರಗಳಲ್ಲಿ ಇಲ್ಲ.

ಕೊನೆಯ ಪಟ್ಟಿ

ಈಗ ನಮ್ಮ ಪಟ್ಟಿ ಹೀಗಿದೆ. ಮೊದಲ ದಿನ ಟ್ಯುನಿಸ್‌ನ ಹಳೆ ಪೇಟೆ, ಝೈತೂನಾ, ಇಬ್ನ್ ಖಲ್ದೂನನ ಬೀದಿ. ಎರಡನೇ ದಿನ ಸ್ಥಳೀಯ ರೈಲಿನಲ್ಲಿ ಕಾರ್ಥೇಜ್, ವಾಪಸಾಗಿ ಬಾರ್ದೋ. ಮೂರನೇ ದಿನ ಡೌಗ್ಗಾ ಮತ್ತು ತಸ್ತೂರ್. ನಾಲ್ಕನೇ ದಿನ ಕೈರವಾನ್, ರಾತ್ರಿ ಅಲ್ಲೇ. ಖರ್ಜೂರ ತುಂಬಿದ ರವೆಯ ಮಕ್ರೂದ್ ಸಿಹಿಯನ್ನು ತಿನ್ನದೆ ಬರಬಾರದಂತೆ. ಐದನೇ ದಿನ ಅಲ್ ಜೆಮ್ ನೋಡಿ ಸಂಜೆಗೆ ಮಹ್ದಿಯಾ. ಆರನೇ ದಿನವೂ ಮಹ್ದಿಯಾ. ಏಳನೇ ದಿನ ಸೂಸ್ ಮೂಲಕ ಟ್ಯುನಿಸ್‌ಗೆ. ದಕ್ಷಿಣದ ಜೆರ್ಬಾ ದ್ವೀಪ, ಅಲ್ಲಿ ಇಂದಿಗೂ ಬಾಳುತ್ತಿರುವ ಯಹೂದಿಗಳ ಹಳೆಯ ಪ್ರಾರ್ಥನಾ ಮಂದಿರ, ಸಹಾರಾದ ಮರಳು ಇವನ್ನೆಲ್ಲ ಬಿಡಬೇಕಾಯಿತು. ಅಷ್ಟು ದೂರಕ್ಕೆ ದಿನಗಳು ಸಾಲವು.

ಅರ್ಧ ದಿನ ಸಾಕೆಂದ ಊರಿಗೆ ಎರಡು ರಾತ್ರಿ ಯಾಕೆ ಎಂದು ಟಿಕೆಟ್ ಮಾಡಿಸುವವನು ಕೇಳಿದ. ಅಲ್ಲಿ ನಮ್ಮ ಸಂಬಂಧಿಕರಿದ್ದರು ಎಂದು ಮೇಷ್ಟ್ರು ಹೇಳಿಬಿಟ್ಟರು. ಅವನು ನಮ್ಮ ಟೋಪಿಯನ್ನೂ ಮೇಷ್ಟ್ರ ಹಣೆಯ ಗಂಧವನ್ನೂ ನೋಡಿ, ಇಬ್ಬರಿಗೂ ಒಂದೇ ಊರಿನಲ್ಲಿ ಸಂಬಂಧಿಕರೇ ಎಂದು ಕೇಳಲು ಹೋಗಿ ಸುಮ್ಮನಾದ.

ಮಹ್ದಿಯಾದ ತುದಿಯಲ್ಲಿ, ಫಾತಿಮಿಗಳು ಬಂಡೆ ಕೊರೆದು ಮಾಡಿದ ಸಣ್ಣ ಬಂದರಿನ ಪಕ್ಕದಲ್ಲಿ, ಕಡಲಿಗೆ ತೆರೆದ ಒಂದು ಕಬರಸ್ತಾನವಿದೆ. ಅಬ್ಬಾನ ಹೆಸರಿನಲ್ಲಿ ಕೈರವಾನಿನಲ್ಲಿ ಎರಡು ರಕಾತ್ ನಮಾಝ್ ಮಾಡುವುದೆಂದು ಮೊದಲೇ ನಿಶ್ಚಯಿಸಿದ್ದೆವು. ಮಹ್ದಿಯಾದ ಆ ದಂಡೆಯಲ್ಲಿ ಏನು ಮಾಡುವುದೆಂದು ಮನೆಯಾಕೆಯನ್ನು ಕೇಳಿದೆವು. ಅಲ್ಲಿ ನಿಂತು ಆಶುವಿನ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿ ಬರೋಣ, ಆ ಊರಿನಲ್ಲಿ ಯಾರೂ ಅದನ್ನು ಹೇಳಿರಲಿಕ್ಕಿಲ್ಲ ಎಂದರು. ಪಟ್ಟಿಯಲ್ಲಿ ಆರನೇ ದಿನದ ಮುಂದೆ ಮಗಳು ಅದನ್ನೂ ಬರೆದುಕೊಂಡಿದ್ದಾಳೆ.